ಯಾರ ಹೆಸರು ಮುಂದೆ

ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಅರ್ಥಶಾಸ್ತ್ರ ಓದಿದವಳು ಅಂದರೆ ಶೇರು ಮಾರುಕಟ್ಟೆ ಗೊತ್ತಿರುವವಳು ಎಂದೇ ಅರ್ಥ. ನಮ್ಮ ಸೊಸೈಟಿಯ ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಯಾರಾದರೊಬ್ಬರು, ‘ಮ್ಯಾಡಮ್, ಈಗ ಚಿನ್ನ ತಗೋಬಹುದಾ?’ ಎಂದು ಕೇಳಿಯೇ ಬಿಡುತ್ತಾರೆ. ನನಗೆ ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ಗೊತ್ತಿದ್ದೂ ಬಾಯಿ ಬಿಡುವುದಿಲ್ಲ, ಭಾರೀ ಬೆರಕಿ ಹೆಂಗಸು ಅಂದುಕೊಂಡು ತಮ್ಮ ಮಹಡಿಯಲ್ಲಿ ಇಳಿದುಹೋಗುತ್ತಾರೆ. ಕನ್ನಡ ಸಂಘದವರಂತೂ ಬಜೆಟ್ ಬಂದ ವಾರ ತಪ್ಪದೆ ಕರೆದು ಮೈಕು ಕೈಗೆ ಕೊಡುತ್ತಾರೆ. ನನ್ನ ವಿಷಯ ಬಜೆಟ್ ಅಲ್ಲ ಎಂದು ಇಷ್ಟು ವರ್ಷದಿಂದ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಮನೆಯಲ್ಲೂ ಮರ್ಯಾದೆ ಅಷ್ಟಕ್ಕಷ್ಟೇ. ಈಗ ನಮ್ಮ ಜೊತೆಗೇ ಇರುವ ನನ್ನ ತಾಯಿ ವಿಜಯಪುರದ ಕಡೆಯವಳು. ಮದುವೆಯಾಗಿ ಬಂದಂದಿನಿಂದ ಡೊಂಬಿವಲಿಯಲ್ಲೇ ಇದ್ದರೂ ಮಾತು ಮಾತ್ರ ಊರಿನದೇ. ಟೀವಿಯಲ್ಲಿ ರೂಪಾಯಿ ಬಿತ್ತು ಎಂಬ ಸುದ್ದಿ ಬಂದಾಗಲೆಲ್ಲ ನನ್ನ ಕಡೆ ತಿರುಗುತ್ತಾಳೆ. ‘ಮತ್ತ ಯಾವಾಗ ಏಳ್ತದವಾ ಅದು?’

‘ಅದನ್ನ ಹೇಳಾಕ ಆಗಂಗಿಲ್ಲವ್ವಾ.’

‘ಅಷ್ಟ್ ವರ್ಷ ಓದಿ ಅದೂ ಹೇಳಾಕ ಬರಂಗಿಲ್ಲ ಅಂದ್ರ ಏನ್ ಓದಿದಿ ನೀ?’

ಅವಳ ಪ್ರಶ್ನೆ ನ್ಯಾಯವಾದದ್ದೇ. ದೇಶದಿಂದ ದೇಶಕ್ಕೆ ದುಡ್ಡು ಯಾಕೆ ಹರಿಯುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಹೆದರಿ ಯಾಕೆ ವಾಪಸು ಓಡುತ್ತದೆ, ಓಡಿದಾಗ ನಮ್ಮಂಥ ದೇಶದ ನಾಣ್ಯಕ್ಕೂ ಕಾರ್ಖಾನೆಗೂ ಏನಾಗುತ್ತದೆ, ಇದು ನಾನು ಜೀವನವಿಡೀ ಕೂತು ನೋಡಿದ್ದು. ನಾಳೆ ಏನಾಗುತ್ತದೆ ಎಂದು ಹೇಳುವ ಧೈರ್ಯ ಈ ವಿದ್ಯೆಯಲ್ಲಿ ಹೆಚ್ಚು ಕಲಿತಷ್ಟೂ ಕಡಿಮೆಯಾಗುತ್ತದೆ. ನನ್ನ ತಂದೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹೊರದೇಶದಿಂದ ಬರುವ ಡ್ರಮ್ಮುಗಳ ಬೆಲೆ ಏರಿದ ದಿನ ಅವರ ಸಾಹೇಬರು ಎಲ್ಲರ ಮೇಲೂ ರೇಗುತ್ತಿದ್ದರಂತೆ. ಅದನ್ನು ಊಟಕ್ಕೆ ಕೂತಾಗ ಹೇಳುತ್ತಿದ್ದರು. ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಅಲ್ಲಿಂದ ಎಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ, ಆದರೆ ನಿಜ ಅದಲ್ಲ. ಎಂ.ಎ.ಯಲ್ಲಿ ಈ ವಿಷಯಕ್ಕೆ ಹುಡುಗಿಯರು ಯಾರೂ ಸೇರಿರಲಿಲ್ಲ, ಅದಕ್ಕೆ ಹಟಕ್ಕೆ ಬಿದ್ದು ಸೇರಿದೆ.

ಆಮೇಲೆ ಹೊರದೇಶಕ್ಕೆ ಹೋಗಿ ಡಾಕ್ಟರೇಟು ಮಾಡಿದೆ. ನನ್ನ ಮಾರ್ಗದರ್ಶಕರ ಜೊತೆ ಬರೆದ ಮೊದಲ ಪ್ರಬಂಧ ಅಚ್ಚಾದಾಗ ಮನೆಗೆ ಫೋನು ಮಾಡಿದೆ. ‘ಯಾರ ಹೆಸರು ಮೊದಲ ಐತಿ?’ ಎಂದು ಅವ್ವ ಕೇಳಿದಳು. ನನ್ನದೇ ಎಂದೆ. ಅಷ್ಟು ದೊಡ್ಡ ಪ್ರೊಫೆಸರರನ್ನು ಹಿಂದೆ ಹಾಕಿ ಮಗಳ ಹೆಸರು ಬಂದಿದೆ ಎಂದು ನಾವಿದ್ದ ಚಾಳಿನ ಮನೆಮನೆಗೂ ಪೇಡೆ ಹಂಚಿದಳು. ಹಂಚಿ ಆದ ಮೇಲೆ ನಾನು ವಿವರಿಸಬೇಕಾಯಿತು. ಅರ್ಥಶಾಸ್ತ್ರದವರಲ್ಲಿ ಒಂದು ಪದ್ಧತಿ ಇದೆ. ಇಬ್ಬರು ಮೂವರು ಸೇರಿ ಬರೆದರೆ ಅಡ್ಡಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತಾರೆ. ಯಾರು ಹೆಚ್ಚು ದುಡಿದರು, ಯಾರು ಕಡಿಮೆ ಎಂದು ನೋಡುವುದಿಲ್ಲ. ನಮ್ಮ ಮನೆತನದ ಹೆಸರು ಅಕ್ಷರಮಾಲೆಯ ಬಾಗಿಲಲ್ಲೇ ನಿಂತಿದೆ, ಹಾಗಾಗಿ ನಾನು ಯಾರ ಜೊತೆ ಬರೆದರೂ ಮುಂದೆಯೇ. ಅವ್ವ, ‘ಹಂಗಾರ ಅದು ನಿಮ್ಮಪ್ಪನ ಪುಣ್ಯ’ ಎಂದು ಫೋನು ಅಪ್ಪನಿಗೆ ಕೊಟ್ಟಳು.

ಮದುವೆಯಾದಾಗ ನಾನು ಅಡ್ಡಹೆಸರು ಬದಲಿಸಲಿಲ್ಲ. ಗಂಡನ ಮನೆಯ ಹೆಸರು ಅಕ್ಷರಮಾಲೆಯ ಕೊನೆಯ ಬೆಂಚಿನಲ್ಲಿತ್ತು. ಅತ್ತೆಗೆ ನಾನು ಸ್ತ್ರೀಸ್ವಾತಂತ್ರ್ಯದ ಮಾತು ಹೇಳಿದೆ. ನಿಜವಾದ ಕಾರಣ ಯಾವುದೆಂದು ನನ್ನ ಕಸುಬಿನವರಿಗೆ ಹೇಳಬೇಕಾಗಿಲ್ಲ. ಅವರೆಲ್ಲ ಕೇಳಿ ನಕ್ಕರು, ಯಾಕೆಂದರೆ ಅವರಾಗಿದ್ದರೂ ಹಾಗೇ ಮಾಡುತ್ತಿದ್ದರು.

ವಾಪಸು ಬಂದು ಕೆಲವು ವರ್ಷ ಠಾಣೆಯ ಒಂದು ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ನೆರೂಳ್ ಕಡೆ. ಠಾಣೆಯ ತನಕ ಉಸಿರಾಡುವುದೇ ಸಾಧನೆ, ಆಚೆ ಗಾಡಿಯಲ್ಲಿ ಸೀಟು ಸಿಗುತ್ತದೆ. ಬೇರೆಯವರ ಪ್ರಬಂಧಗಳ ತಪ್ಪು ಹುಡುಕಿ ಸಂಶೋಧನಾ ಪತ್ರಿಕೆಗಳಿಗೆ ವರದಿ ಕಳಿಸುವ ಕೆಲಸವನ್ನೆಲ್ಲ ನಾನು ಆ ದಾರಿಯ ಐರೋಲಿ ಮತ್ತು ತುರ್ಭೆ ಸ್ಟೇಷನ್ನುಗಳ ನಡುವೆಯೇ ಮಾಡಿದ್ದೇನೆ.

ಅಲ್ಲಿಯೇ ಆ ಹುಡುಗಿ ನನ್ನ ಕೈಕೆಳಗೆ ಪಿಎಚ್‌.ಡಿ.ಗೆ ಸೇರಿದಳು. ಹುಡುಗಿ ಅನ್ನುವುದು ನನ್ನ ಬಾಯಿಚಟ, ಈಗ ಅವಳಿಗೆ ಮೂವತ್ತು ದಾಟಿದೆ. ಠಾಕುರ್ಲಿಯವಳು. ತಂದೆ ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಮನೆಯಲ್ಲಿ ತುಳು. ನಾನು ಕನ್ನಡದಲ್ಲಿ ಮಾತಾಡಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಮೆತ್ತಗೆ ಮಾತಾಡುವವಳು, ಆದರೆ ತಲೆಯೊಳಗೆ ಒಂದು ಕೂತಿತು ಅಂದರೆ ಬ್ರಹ್ಮ ಬಂದರೂ ಅಲ್ಲಾಡದು.

ರೂಪಾಯಿ ಬಿದ್ದರೆ ನಮ್ಮ ಸರಕು ಹೊರದೇಶದವರಿಗೆ ಅಗ್ಗವಾಗುತ್ತದೆ, ರಫ್ತು ಏರುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಏರಬೇಕಾದಷ್ಟು ಏರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ತಲೆನೋವು. ಹೊರಗೆ ಮಾರುವ ಕಾರ್ಖಾನೆಯೇ ಕಚ್ಚಾ ಮಾಲನ್ನೂ ಹೊರಗಿನಿಂದ ತರಿಸುತ್ತದೆ, ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ ಎಂಬುದೂ ಹೊಸ ಮಾತಲ್ಲ. ಇವಳು ಹೇಳಿದ್ದು ಬೇರೆ. ಇಡೀ ದೇಶದ ಮೊತ್ತ ಹಿಡಿದು ಕೂತರೆ ಏನೂ ಕಾಣುವುದಿಲ್ಲ, ಒಂದೊಂದೇ ಕಾರ್ಖಾನೆಯನ್ನು ವರ್ಷ ವರ್ಷ ಹಿಂಬಾಲಿಸಬೇಕು, ರೂಪಾಯಿ ಬಿದ್ದ ದಿನ ಯಾರ ಗೋದಾಮಿನಲ್ಲಿ ಹಳೆಯ ಬೆಲೆಯ ಮಾಲು ಉಳಿದಿತ್ತು ಎಂಬುದರ ಮೇಲೆ ಎಲ್ಲ ನಿಂತಿದೆ, ಅಂದಳು.

ನಾನು ಖಡಾಖಂಡಿತವಾಗಿ ಬೇಡ ಅಂದೆ. ನಾವು ಮೇಲಿನಿಂದ ದೇಶ ನೋಡುವವರು, ಗೋದಾಮು ಎಣಿಸುವುದು ಬೇರೆಯವರ ಕೆಲಸ, ಹೋಗು, ಬೇರೆ ಏನಾದರೂ ಹುಡುಕು ಎಂದು ಕಳಿಸಿದೆ. ಅವಳು ಹೋದಳು. ಮತ್ತೆ ಬಂದಳು. ಮತ್ತೆ ಕಳಿಸಿದೆ. ಕೊನೆಗೊಂದು ದಿನ ಲ್ಯಾಪ್‌ಟಾಪು ತಂದು ನನ್ನ ಮುಂದೆ ತಿರುಗಿಸಿ ಇಟ್ಟಳು. ಪರದೆಯ ಮೇಲೆ ಎರಡು ಗೆರೆ. ಗೋದಾಮು ತುಂಬಿದ್ದ ಕಾರ್ಖಾನೆಗಳು ಒಂದು ದಾರಿ, ಖಾಲಿ ಇದ್ದವು ಇನ್ನೊಂದು ದಾರಿ. ಅಷ್ಟು ಚೊಕ್ಕಟವಾದ ಫಲಿತಾಂಶವನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಮೊದಲು ಸಂತೋಷವಾಯಿತು, ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಇದು ನನಗೆ ಯಾಕೆ ಹೊಳೆಯಲಿಲ್ಲ ಅನ್ನಿಸಿತು.

ಆಮೇಲೆ ನಾವಿಬ್ಬರೂ ಸೇರಿ ಬರೆದೆವು. ಅವಳ ಪಿಎಚ್‌.ಡಿ. ಮುಗಿದರೂ ಪ್ರಬಂಧ ಮುಗಿಯಲಿಲ್ಲ. ನಮ್ಮಲ್ಲಿ ಒಂದು ಒಳ್ಳೆಯ ಪತ್ರಿಕೆ ಒಂದು ಪ್ರಬಂಧವನ್ನು ಒಪ್ಪಿಕೊಳ್ಳುವಷ್ಟರಲ್ಲಿ ಒಂದು ಮಗು ಹುಟ್ಟಿ ಶಾಲೆಗೆ ಸೇರಿರುತ್ತದೆ. ಅಷ್ಟು ದಿನ ನಾನು ಎಲ್ಲೆಲ್ಲಿ ಸೆಮಿನಾರಿಗೆ ಹೋದೆನೋ ಅಲ್ಲೆಲ್ಲ, ಈ ವಿಚಾರ ನನ್ನದಲ್ಲ, ನನ್ನ ವಿದ್ಯಾರ್ಥಿನಿಯದು ಎಂದು ಹೇಳಿಯೇ ಶುರು ಮಾಡುತ್ತಿದ್ದೆ. ಕೇಳುವವರು ಮುಗುಳ್ನಗುತ್ತಿದ್ದರು. ಚಹಾದ ಹೊತ್ತಿಗೆ ಹತ್ತಿರ ಬಂದು, ‘ಮ್ಯಾಡಮ್, ನಿಮ್ಮದು ದೊಡ್ಡ ಮನಸ್ಸು’ ಅನ್ನುತ್ತಿದ್ದರು. ನಾನು ಹೇಳಿದಷ್ಟೂ ನನ್ನ ಮನಸ್ಸು ದೊಡ್ಡದಾಗುತ್ತ ಹೋಯಿತು, ಪ್ರಬಂಧ ಮಾತ್ರ ನನ್ನ ಹೆಸರಿನಲ್ಲೇ ಓಡಾಡಿತು. ನನ್ನ ಹೆಸರು ಹೇಳಿ, ‘ಮತ್ತು ಇನ್ನೊಬ್ಬರು’ ಎಂದು ಸೇರಿಸುತ್ತಿದ್ದರು. ಆ ಇನ್ನೊಬ್ಬರು ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದಳು.

ಅವಳು ಆಗ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದಳು. ಬೆಳಿಗ್ಗೆ ಕಲ್ಯಾಣದ ಒಂದು ಕಾಲೇಜು, ಮಧ್ಯಾಹ್ನ ಠಾಣೆಯಲ್ಲಿ ಇನ್ನೊಂದು. ಉಳಿದ ಹೊತ್ತಿನಲ್ಲಿ ಸಂಶೋಧನೆ. ಎಷ್ಟೋ ವರ್ಷಗಳ ನಂತರ ನಮ್ಮ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಬಂತು. ಅವಳ ತಂದೆ ಅಷ್ಟರಲ್ಲಿ ಅಂಬರನಾಥದಲ್ಲಿ ಇನ್ನೊಂದು ಹೋಟೆಲು ಹಿಡಿದಿದ್ದರು. ‘ಇದೊಂದು ಸಲ ನೋಡುವ. ಆಗದಿದ್ರೆ ಈ ಓಡಾಟ ಸಾಕು, ಬಂದು ಹೊಸ ಹೋಟೆಲ್ ನೋಡಿಕೋ’ ಎಂದು ಮಗಳಿಗೆ ಹೇಳಿಬಿಟ್ಟಿದ್ದರು. ಅವಳೂ ಒಪ್ಪಿದ್ದಳು. ಸಾಕಾಗಿಹೋಗಿತ್ತು ಅವಳಿಗೆ. ಹುದ್ದೆ ಸಿಗದಿದ್ದರೆ ಆ ತಲೆ ಇಡ್ಲಿ ಹಿಟ್ಟಿನ ಲೆಕ್ಕಕ್ಕೆ ಹೋಗುತ್ತದೆ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ. ಹೋಟೆಲು ಕೀಳು ಅಂತ ಅಲ್ಲ. ಅದನ್ನು ನಡೆಸುವವರು ನೂರು ಜನ ಸಿಗುತ್ತಾರೆ, ಆ ಎರಡು ಗೆರೆ ಎಳೆಯುವವರು ಸಿಗುವುದಿಲ್ಲ.

ಅರ್ಜಿಗಳನ್ನು ಅಂಕ ಹಾಕಿ ಸೋಸುತ್ತಾರೆ. ಸೋಸಿದಾಗ ಇವಳ ಹೆಸರು ಸಂದರ್ಶನದ ಗೆರೆಗಿಂತ ಕೆಳಗೆ ಉಳಿಯುವ ಹಾಗಿತ್ತು. ಪ್ರಬಂಧಕ್ಕೆ ಮೊದಲ ಹೆಸರಿನವರಿಗೆ ಹೆಚ್ಚು ಅಂಕ, ಉಳಿದವರಿಗೆ ಚಿಲ್ಲರೆ. ಇವಳು ಬರೆದದ್ದೆಲ್ಲ ನನ್ನ ಜೊತೆ ಅಥವಾ ನನ್ನ ಹಾಗೆ ಅಕ್ಷರಮಾಲೆಯ ಮುಂಬಾಗಿಲಲ್ಲಿ ನಿಂತವರ ಜೊತೆ. ಇವಳ ಅಡ್ಡಹೆಸರು ಎಲ್ಲೋ ಕೊನೆಗೆ ಬರುತ್ತದೆ. ಹಾಗಾಗಿ ಎಲ್ಲ ಕಡೆಯೂ ಇವಳು ಚಿಲ್ಲರೆ.

ನೇರವಾಗಿ ಡೀನರ ಕೋಣೆಗೆ ನುಗ್ಗಿದೆ. ಅವರು ರಸಾಯನಶಾಸ್ತ್ರದವರು, ಸಜ್ಜನರು, ನನ್ನ ಕೂಗಾಟ ಕೇಳಿ ಅಭ್ಯಾಸವಾದವರು. ನಮ್ಮ ಪದ್ಧತಿಯನ್ನು ವಿವರಿಸಿದೆ. ಅವರು ನಿಜಕ್ಕೂ ಆಶ್ಚರ್ಯಪಟ್ಟರು.

‘ನಮ್ಮ ಲ್ಯಾಬಿನಲ್ಲಿ ಯಾರ ಕೈ ಸುಟ್ಟಿದೆಯೋ ಅವರ ಹೆಸರು ಮೊದಲು, ಮ್ಯಾಡಮ್. ಗುರುವಿನದು ಕೊನೆಗೆ. ನಿಮ್ಮಲ್ಲಿ ಹೀಗಾ? ಹಾಗಾದರೆ ಯಾರು ದುಡಿದರು ಎಂದು ಹೇಗೆ ಗೊತ್ತಾಗುತ್ತದೆ?’

‘ಗೊತ್ತಾಗುವುದಿಲ್ಲ.’

‘ನಿಯಮ ನಾನು ಬದಲಿಸಲಾರೆ. ಆ ದೊಡ್ಡ ಪ್ರಬಂಧ ಇನ್ನೂ ಅಚ್ಚಾಗಿಲ್ಲ ಅಲ್ಲವಾ? ಕ್ರಮ ಬದಲಿಸಿ. ಆ ಒಂದರಿಂದಲೇ ಅವಳು ಗೆರೆ ದಾಟುತ್ತಾಳೆ.’

ಇಷ್ಟು ಸುಲಭವಾ ಅನ್ನಿಸಿ ಕೋಣೆಯಿಂದ ಹೊರಬಂದೆ. ಪ್ರಬಂಧವನ್ನು ಪತ್ರಿಕೆ ಆಗಷ್ಟೇ ಒಪ್ಪಿತ್ತು. ಬದಲಿಸುವುದಕ್ಕೆ ಇಬ್ಬರ ಒಪ್ಪಿಗೆ ಬೇಕು, ಅಷ್ಟೇ. ಅವಳಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, ‘ನಹೀ ಮ್ಯಾಡಮ್’ ಅಂದಳು. ನಮ್ಮ ಕಸುಬಿನಲ್ಲಿ ಅಕ್ಷರಕ್ರಮ ಮುರಿದರೆ ಅದಕ್ಕೆ ಅರ್ಥ ಒಂದೇ: ಹಿಂದೆ ಹೋದವರು ಹೆಚ್ಚೇನೂ ಮಾಡಿಲ್ಲ ಎಂದು. ಹೊರಗಿನವರು ನನ್ನನ್ನು ಹಾಗೆ ತಿಳಿಯುತ್ತಾರೆ, ಅದು ತನ್ನಿಂದಾಗಬಾರದು ಅಂದಳು. ಎಷ್ಟು ಹೇಳಿದರೂ ಅದೇ ಮಾತು.

ಆ ಸಂಜೆ ಡೊಂಬಿವಲಿಯಲ್ಲಿ ಇಳಿಯದೆ ಮುಂದಿನ ಸ್ಟೇಷನ್ನಾದ ಠಾಕುರ್ಲಿಗೆ ಹೋದೆ. ಹೋಟೆಲಿನಲ್ಲಿ ಅವಳ ತಂದೆ ಗಲ್ಲಾದಲ್ಲಿದ್ದರು. ನನ್ನನ್ನು ಕಂಡವರೇ ಎದ್ದು ಮೂಲೆಯ ಮೇಜು ಒರೆಸಿಸಿ ಕೂರಿಸಿದರು, ಕಾಫಿ ತರಿಸಿದರು, ಮಗಳನ್ನೂ ಕರೆದರು. ವಿಷಯ ಹೇಳಿದೆ. ಹುದ್ದೆ ಸಿಗುವ ದಾರಿ ಇದೆ ಎಂದು ಕೇಳಿ ಅವರ ಮುಖ ಅರಳಿತು. ದಾರಿ ಯಾವುದು ಎಂದು ಕೇಳಿದ ಮೇಲೆ ಬಾಡಿತು.

‘ಅದು ಚಂದ ಅಲ್ಲ ಮೇಡಂ’ ಅಂದರು. ‘ನಮ್ಮಲ್ಲಿ ಮದುವೆ ಕಾಗದ ಅಚ್ಚು ಹಾಕಿಸುವಾಗ ಸಹ ಹಿರಿಯರ ಹೆಸರು ಮೇಲೆ ಉಂಟು. ನೀವು ಇವಳ ಗುರು. ನಿಮ್ಮ ಹೆಸರಿನ ಮೇಲೆ ಇವಳು ಕೂರುದಾ? ಜನ ಎಂತ ಹೇಳಿಯಾರು?’

‘ಇದು ಮದುವೆ ಕಾಗದ ಅಲ್ಲರೀ. ಕೆಲಸ ಮಾಡಿದ್ದು ಇವಳು.’

ಅವರು ಮಗಳ ಕಡೆ ತಿರುಗಿ ತುಳುವಿನಲ್ಲಿ ಏನೋ ಕೇಳಿದರು. ಅವಳು ತಲೆ ತಗ್ಗಿಸಿ ಉತ್ತರ ಕೊಟ್ಟಳು. ನನಗೆ ಅದರಲ್ಲಿ ‘ಮ್ಯಾಡಮ್’ ಎಂಬ ಒಂದೇ ಪದ ತಿಳಿಯಿತು. ಏನಂದಳು ಎಂದು ಕೇಳಿದೆ.

‘ಮೇಡಂ ಪಾಪ, ನನಗೆ ಕೆಲಸ ಆಗ್ಲಿ ಅಂತ ಹೀಗೆ ಹೇಳ್ತಾ ಇದ್ದಾರೆ, ಅವರದ್ದು ದೊಡ್ಡ ಮನಸ್ಸು ಅಂತಾಳೆ’ ಅಂದರು ಅವರು.

ಆಗ ನನಗೆ ತಲೆ ಕೆಟ್ಟುಹೋಯಿತು. ಊರೆಲ್ಲ ಹೇಳಿದ್ದನ್ನು ಇವಳೂ ನಂಬಿಕೊಂಡು ಕೂತಿದ್ದಾಳೆ. ತಾನೇ ಎಳೆದ ಗೆರೆಗಳು ನನ್ನ ದಯೆಯಿಂದ ತನ್ನ ಪಾಲಿಗೆ ಬಂದವು ಅಂದುಕೊಂಡಿದ್ದಾಳೆ. ಹೋಟೆಲಿನಲ್ಲಿ ಗಿರಾಕಿಗಳಿದ್ದರು ಎಂಬುದೂ ಮರೆತು ನನ್ನ ಮನೆಯ ಮಾತಿನಲ್ಲೇ ಬಾಯಿ ಬಿಟ್ಟೆ.

‘ಏ ಹುಡುಗಿ, ಇಲ್ಲಿ ನೋಡು. ನಂದು ದೊಡ್ಡ ಮನಸ್ಸಲ್ಲ, ಬಿಡು. ಆ ವಿಚಾರ ನನಗ ಹೊಳದಿದ್ರ ನಮ್ಮವ್ವ ಬಂದು ಕೇಳಿದ್ರೂ ನಾ ಬಿಟ್ಟುಕೊಡ್ತಿದ್ದಿಲ್ಲ. ನಿನಗ್ಯಾಕ ಬಿಡ್ಲಿ? ನಂದಲ್ಲ ಅದು, ಅದಕ್ಕ ಬಿಡಾಕತ್ತೇನಿ. ನಾ ಮಾಡಿದ್ದು ನಿನ್ನ ಇಂಗ್ಲಿಷ್ ತಿದ್ದಿದ್ದು, ಪತ್ರಿಕೆ ಪರೀಕ್ಷಕರ ಕೂಡ ಜಗಳ ಆಡಿದ್ದು. ಅಷ್ಟ. ಅದು ನೋಡಿ ನನಗ ಹೊಟ್ಟಿ ಉರದಿತ್ತು ಗೊತ್ತೇನು? ಇವತ್ತಿಗೂ ಉರೀತೈತಿ.’

ಪಕ್ಕದ ಮೇಜಿನವರು ಚಮಚ ಕೆಳಗಿಟ್ಟರು. ತಂದೆ ನನ್ನ ಮುಖ, ಮಗಳ ಮುಖ ನೋಡಿದರು. ನನ್ನ ದೊಡ್ಡ ಮನಸ್ಸನ್ನು ನಂಬಿ ಅವಳು ಅದರ ಭಾರಕ್ಕೆ ಬಗ್ಗಿಹೋಗಿದ್ದಳು. ನನ್ನ ಹೊಟ್ಟೆಕಿಚ್ಚನ್ನು ನಂಬುವುದು ಅವಳಿಗೆ ಹೆಚ್ಚು ಸುಲಭವಾಯಿತು ಅಂತ ಕಾಣುತ್ತದೆ. ಕೊನೆಗೆ, ‘ಠೀಕ್ ಹೈ’ ಅಂದಳು. ಅಲ್ಲಿಯೇ ಕೂತು ಇಬ್ಬರೂ ಪತ್ರಿಕೆಗೆ ಮೇಲ್ ಕಳಿಸಿದೆವು. ಅವಳ ತಂದೆ ಕಾಫಿಯ ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಹಿಂದೆ ಪೇಡೆ ಹಂಚಿದವಳು, ಈಗ ಬೇಜಾರು ಮಾಡಿಕೊಂಡಾಳು ಎಂದು ನನಗೆ ಅಳುಕಿತ್ತು. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ‘ನಿನ್ನ ಹೆಸರು ಹಿಂದ ಹೋದ್ರ ನಿನ್ನ ಪಗಾರ ಏನ್ ಕಡಿಮಿ ಆಗ್ತದೇನು? ಆ ಹುಡುಗಿಗೆ ಒಂದು ನೌಕರಿ ಆಗ್ಲಿ’ ಅಂದಳು.

ಪತ್ರಿಕೆಯವರು ಕಾರಣ ಕೇಳಿದರು, ಬರೆದೆವು, ಒಪ್ಪಿದರು. ಅವಳು ಗೆರೆ ದಾಟಿ ಸಂದರ್ಶನಕ್ಕೆ ಬಂದಳು. ನಾನು ಮಾರ್ಗದರ್ಶಕಿಯಾದದ್ದರಿಂದ ಸಮಿತಿಯಲ್ಲಿ ಕೂರುವಂತಿರಲಿಲ್ಲ. ಹೊರಗಿನಿಂದ ಬಂದ ತಜ್ಞರ ಹೆಸರು ಕೇಳಿ ನಾನು ಹೆದರಿದೆ. ನಮ್ಮ ಕ್ಷೇತ್ರದವರೇ, ನನ್ನ ಸೆಮಿನಾರಿಗೆ ಬಂದು ಚಹಾ ಕುಡಿಯುತ್ತ ನನ್ನ ಮನಸ್ಸನ್ನು ಹೊಗಳಿ ಹೋದವರು. ಅಕ್ಷರಕ್ರಮ ಮುರಿದದ್ದು ಬೇರೆ ವಿಷಯದವರ ಕಣ್ಣಿಗೆ ಬೀಳದು. ಇವರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಗುರು ಶಿಷ್ಯೆಗೆ ಕೊಟ್ಟ ಭಿಕ್ಷೆ ಎಂದು ತೀರ್ಮಾನಿಸಿದರೆ ಕಥೆ ಮುಗಿಯಿತು. ನಾನು ಒಳಗೆ ಹೋಗಿ ಹೇಳುವಂತಿಲ್ಲ. ಹೇಳಿದರೂ ನನ್ನ ಮಾತಿಗೆ ಬೆಲೆ ಇಲ್ಲ, ಅದು ಇಷ್ಟು ವರ್ಷದಲ್ಲಿ ಗೊತ್ತಾಗಿತ್ತು. ಹೇಳಬೇಕಾದವಳು ಒಬ್ಬಳೇ. ಅವಳೋ, ಮೆತ್ತಗೆ ಮಾತಾಡುವವಳು.

ವರಾಂಡದಲ್ಲಿ ಕೂತೆ. ಎದ್ದು ನೀರು ಕುಡಿದೆ, ಮತ್ತೆ ಕೂತೆ. ಅವಳು ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ನನ್ನ ಪಕ್ಕ ಕೂರಲಿಲ್ಲ, ಎದುರಿಗೆ ನಿಂತಳು.

‘ಅದೇ ಕೇಳಿದರು’ ಎಂದು ಹಿಂದಿಯಲ್ಲಿ ಹೇಳಿದಳು. ‘ನಿಮ್ಮ ಮ್ಯಾಡಮ್ ಪ್ರೀತಿಯಿಂದ ನಿಮ್ಮ ಹೆಸರು ಮುಂದೆ ಹಾಕಿದ್ದಾರೆ ಅಂತ ಕಾಣುತ್ತದೆ ಅಂದರು.’

‘ನೀನೇನಂದಿ?’

‘ಪ್ಯಾರ್ ಸೆ ನಹೀ ಅಂದೆ. ಕೆಲಸ ನನ್ನದು. ಮ್ಯಾಡಮ್ ಮೊದಲು ಇದನ್ನು ಬೇಡವೇ ಬೇಡ ಅಂದಿದ್ದರು, ಎರಡು ಸಲ ವಾಪಸು ಕಳಿಸಿದರು, ಅವರು ಹೇಳಿದ್ದು ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ ಅಂದೆ. ಆಮೇಲೆ ಬೋರ್ಡಿನ ಮೇಲೆ ಪೂರ್ತಿ ಬರೆದು ತೋರಿಸಿದೆ.’ ಹೇಳಿ ಮುಗಿಸಿ ಕೇಳಿದಳು, ‘ಬುರಾ ಲಗಾ?’

ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ. ನನ್ನ ಕಸುಬಿನ ಹಿರಿಯನೊಬ್ಬನ ಮುಂದೆ, ನನ್ನದೇ ವಿಭಾಗದಲ್ಲಿ, ನಾನು ಕುರುಡಿಯಾಗಿದ್ದೆ ಎಂದು ಅವಳು ಸಾರಿ ಬಂದಿದ್ದಳು. ಹೇಳಿದ ಒಂದೊಂದು ಮಾತೂ ಸತ್ಯ, ಅದಕ್ಕೇ ಹೆಚ್ಚು ನೋವು. ‘ಹೌದು, ಆತು’ ಅಂದೆ. ಅವಳು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಸಂಜೆಯ ಹೊತ್ತಿಗೆ ಸಮಿತಿ ಎದ್ದಿತು. ಡೀನರು ಆ ತಜ್ಞರನ್ನು ಕರೆದುಕೊಂಡು ನಗುತ್ತ ನಮ್ಮ ಕಡೆ ಬಂದರು. ನಗು ನೋಡಿಯೇ ನನಗೆ ತಿಳಿಯಿತು. ಬಂದವರೇ ಇಬ್ಬರೂ ನನ್ನ ಮುಂದೆ ನಿಂತರು. ‘ಅಭಿನಂದನೆ ಮ್ಯಾಡಮ್, ನಿಮ್ಮ ವಿದ್ಯಾರ್ಥಿನಿ ಗೆದ್ದಳು’ ಎಂದು ಡೀನರು ನನ್ನ ಕಡೆ ಕೈ ಚಾಚಿದರು. ಎಂದಿನ ಭಾಷಣ, ನನ್ನದೇನೂ ಇಲ್ಲ, ಎಲ್ಲ ಅವಳದೇ ಎಂಬುದು, ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಕೈ ಕೊಡದೆ ಪಕ್ಕಕ್ಕೆ ಸರಿದು ನಿಂತೆ. ನನ್ನ ಹಿಂದೆ ಇದ್ದವಳು ಒಂದು ಹೆಜ್ಜೆ ಮುಂದೆ ಬಂದು ಆ ಕೈ ಹಿಡಿದು ಕುಲುಕಿದಳು.